ಎರಡನೇ ಬೇಸ್ ಯಾವುದು ತಗೊಳ್ಳಲಿ?

ಬೇಸ್ ಗಿಟಾರ್ ನುಡಿಸುವವರು ಸಿಕ್ಕಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ: "ನನ್ನ ಹತ್ರ ಒಂದು ಜಾಝ್ ಬೇಸ್ ಇದೆ. ಅದಕ್ಕೆ ಜೊತೆಯಾಗಿ ಇನ್ನೊಂದು ಬೇಕು. ಯಾವುದು ತಗೊಳ್ಳಲಿ?" (ಜಾಝ್ ಬೇಸ್ ಅಂದರೆ ಫೆಂಡರ್ ಕಂಪನಿಯ ಒಂದು ಮಾದರಿ.)

ಅದರಲ್ಲಿ ಯಾವ ತಂತಿ ಇದೆ ಅಂತ ನಾನು ಮೊದಲು ಕೇಳುತ್ತೇನೆ. ಸಾಮಾನ್ಯವಾಗಿ ರೌಂಡ್‌ವೌಂಡ್ ಇರುತ್ತದೆ. ಅದರ ಮೇಲೆ ಸುತ್ತಿದ ಎಳೆ ಗುಂಡಗಿರುವುದರಿಂದ ಬೆರಳು ಜಾರಿಸಿದರೆ ಕಿರ್ ಅನ್ನುತ್ತದೆ. ಫ್ಲಾಟ್‌ವೌಂಡ್‌ನಲ್ಲಿ ಆ ಎಳೆ ಚಪ್ಪಟೆ. ಬೆರಳಿಗೆ ನುಣುಪು, ಝಣಝಣ ಕಡಿಮೆ, ಧಮ್ ಅನ್ನುವುದು ಜಾಸ್ತಿ. 60ರ ದಶಕದಲ್ಲಿ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಹಾಡುಗಳಿಗೆ ನುಡಿಸಿದ್ದು ಫೆಂಡರ್ ಕಂಪನಿಯದೇ ಇನ್ನೊಂದು ಮಾದರಿಯಾದ ಪ್ರಿಸಿಶನ್ ಬೇಸ್ ಮೇಲೆ, ಫ್ಲಾಟ್‌ವೌಂಡ್ ತಂತಿಯಲ್ಲಿ. ಜನ ಹುಡುಕುವ "ಹಳೇ ಸೌಂಡ್" ಅರ್ಧ ಅಲ್ಲೇ ಇದೆ. ಒಂದು ಸೆಟ್ ತಂತಿ ಬದಲಿಸಿ, ಟೋನ್ ನಾಬ್ ಇಳಿಸಿ ನುಡಿಸಿ ನೋಡಿ. ಅಷ್ಟಕ್ಕೇ ಖುಷಿಯಾದರೆ ದುಡ್ಡು ಉಳಿಯಿತು, ಅಲ್ವಾ?

ಅದಾದ ಮೇಲೂ ಏನೋ ಸಾಲದು ಅನ್ನಿಸಿದರೆ ಆಗ ಹುಡುಕಿ.

ಬ್ಯಾಂಡ್‌ನಲ್ಲಿ ನುಡಿಸುವವರಿಗೆ ನಾನು ಪ್ರಿಸಿಶನ್ ಬೇಸನ್ನೇ ಹೇಳುತ್ತೇನೆ. 1960ರಲ್ಲಿ ಬಂದ ಜಾಝ್ ಬೇಸ್‌ಗೆ ಎರಡು ಪಿಕಪ್ (ತಂತಿಯ ಕಂಪನವನ್ನು ಹಿಡಿಯುವ ಭಾಗ). ಬ್ರಿಜ್ (ತಂತಿಯ ಕೆಳತುದಿ ಕೂರುವ ಭಾಗ) ಹತ್ತಿರದ್ದನ್ನು ಮಾತ್ರ ತೆರೆದರೆ ಮೂಗಿನಿಂದ ಗುರುಗುಟ್ಟಿದ ಹಾಗೆ ಕೇಳಿಸುತ್ತದೆ, ಸಣ್ಣಗೆ ಗುಂಯ್ ಅನ್ನುವ ಸದ್ದೂ ಶುರುವಾಗುತ್ತದೆ. ಎರಡನ್ನೂ ಪೂರ್ತಿ ತೆರೆದರೆ ಅದು ನಿಲ್ಲುತ್ತದೆ. ಪ್ರಿಸಿಶನ್‌ನ ಪಿಕಪ್ 1957ರಿಂದ ಎರಡು ತುಂಡಿನದ್ದು, ಅದಕ್ಕೆ ಈ ಗಲಾಟೆ ಇಲ್ಲ. ಮಧ್ಯದ ದನಿ ದಪ್ಪಗಿರುವುದರಿಂದ ಡ್ರಮ್ಸ್, ಗಿಟಾರ್ ನಡುವೆ ಕಳೆದುಹೋಗುವುದಿಲ್ಲ. ಮನೆಯಲ್ಲಿ ಒಬ್ಬರೇ ನುಡಿಸುವಾಗ ಸಪ್ಪೆ ಅನ್ನಿಸಬಹುದು, ಅದಕ್ಕೆ ಬೇಜಾರಾಗಬೇಡಿ.

ಐದು ತಂತಿಯದ್ದು? ನೀವು ನುಡಿಸುವ ಹಾಡುಗಳು ಅಷ್ಟು ಕೆಳಗೆ ಇಳಿಯುತ್ತಿದ್ದರೆ ಮಾತ್ರ. ಅದರ ಹೆಚ್ಚುವರಿ ತಂತಿಯ ಬಿ ಸ್ವರ ಸುಮಾರು 31 ಹರ್ಟ್ಸ್. ಚಿಕ್ಕ ಆಂಪ್‌ನಲ್ಲಿ ಅದು ಸರಿಯಾಗಿ ಕೇಳಿಸುವುದೂ ಇಲ್ಲ. ಕೈ ಚಿಕ್ಕದು, ಭುಜ ನೋವು ಅನ್ನುವವರು 30 ಇಂಚಿನ ಶಾರ್ಟ್ ಸ್ಕೇಲ್, ಅಂದರೆ ನುಡಿಯುವ ತಂತಿಯ ಉದ್ದ ಕಡಿಮೆ ಇರುವ ಬೇಸ್, ನೋಡಲಿ. ಮಾಮೂಲಿ 34 ಇಂಚಿನದಕ್ಕಿಂತ ಫ್ರೆಟ್‌ಗಳು (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗಳು) ಹತ್ತಿರ. ಅದೇ ದಪ್ಪದ ತಂತಿ, ಅದೇ ಶ್ರುತಿ ಇಟ್ಟರೆ ಬಿಗಿ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಕಡಿಮೆಯಾಗುತ್ತದೆ.

ನನಗೇ ಆರಿಸು ಅಂದರೆ ಫ್ರೆಟ್‌ಲೆಸ್, ಆ ಪಟ್ಟಿಗಳೇ ಇಲ್ಲದ್ದು. ತಂತಿ, ನಾಬ್, ಪೆಡಲ್ ಏನು ಬದಲಿಸಿದರೂ ಫ್ರೆಟ್ ಇರುವ ಬೇಸ್ ಅದರ ಕೆಲಸ ಮಾಡುವುದಿಲ್ಲ. ಫ್ರೆಟ್ ಇದ್ದಾಗ ಬೆರಳನ್ನು ಅದರ ಹಿಂದೆ ಒತ್ತುತ್ತೇವೆ. ಇಲ್ಲಿ ಫ್ರೆಟ್ ಇರಬೇಕಿದ್ದ ಗೆರೆಯ ಜಾಗದಲ್ಲೇ ಒತ್ತಬೇಕು, ಕೂದಲೆಳೆ ತಪ್ಪಿದರೂ ಶ್ರುತಿ ಹೋಯಿತು. ಮೊದಮೊದಲು ಸುಮ್ನೆ ಒಂದೊಂದೇ ಸ್ವರ ಉದ್ದಕ್ಕೆ ಎಳೆದು, ಬೆರಳು ಹಿಂದೆ ಮುಂದೆ ಹೊರಳಿಸಿ ಕೇಳುತ್ತಾ ಕೂರಬೇಕು. ತಂತಿ ಮಾತ್ರ ಯೋಚಿಸಿ ಹಾಕಿ. ರೌಂಡ್‌ವೌಂಡ್ ಮರವನ್ನು ಸವೆಸುತ್ತದೆ. ಫ್ರೆಟ್‌ಲೆಸ್ ನುಡಿಸುವುದರಲ್ಲಿ ಹೆಸರಾದ ಜಾಕೊ ಪಾಸ್ಟೋರಿಯಸ್ ರೌಂಡ್‌ವೌಂಡ್ ಬೇಕೆಂದೇ ಬೆರಳಿಡುವ ಹಲಗೆಗೆ ಎಪಾಕ್ಸಿ (ಒಣಗಿ ಗಟ್ಟಿಯಾಗುವ ರಾಳ) ಬಳಿದಿದ್ದರು.

ಯಾವುದೇ ಇರಲಿ, ನೋಡಲು ಹೋಗುವಾಗ ನಿಮ್ಮ ಬೇಸನ್ನೂ ಒಯ್ಯಿರಿ. ಒಂದೇ ಆಂಪ್, ಒಂದೇ ವಾಲ್ಯೂಮ್, ಒಂದೇ ಹಾಡು. ಎರಡನ್ನೂ ಕಾಲು ಗಂಟೆ ನಿಂತು ನುಡಿಸಿ. ಕೂತು ನುಡಿಸಿದರೆ ಭಾರ ಗೊತ್ತಾಗುವುದಿಲ್ಲ.