ಎಸಿ ನೀರು, ಗ್ಯಾಸ್ ಕಥೆ ಮತ್ತು ಕುಂಬಾರ ಹುಳ
ಜೂನ್ 14, 2025, ಶನಿವಾರ
ವಿನೋಬನಗರ, ಶಿವಮೊಗ್ಗ

ಬೆಳಗ್ಗೆ ಎದ್ದು ನೋಡಿದ್ರೆ ರೂಮಿನ ಎಸಿ ಕೆಳಗೆ ಗೋಡೆ ಉದ್ದಕ್ಕೂ ನೀರು ಇಳಿದು ಮಂಚದ ಮೂಲೆಯೆಲ್ಲಾ ಒದ್ದೆ. ಮೆಕ್ಯಾನಿಕ್‌ಗೆ ಫೋನ್ ಮಾಡಿದೆ, ಅವನು ಎಂತ ತೊಂದರೆ ಅಂತ ಸರಿಯಾಗಿ ಕೇಳೋಕೂ ಮುಂಚೆ "ಗ್ಯಾಸ್ ಕಮ್ಮಿ ಆಗಿರತ್ತೆ ಸಾರ್, ಹಾಕಿಸ್ಬೇಕು" ಅಂದ. ಇವರಿಗೆಲ್ಲಾ ಯಾವ ರೋಗಕ್ಕೂ ಗ್ಯಾಸೇ ಮದ್ದು. ಗ್ಯಾಸ್ ಏನು ಬೈಕಿನ ಪೆಟ್ರೋಲಾ ಮಾರಾಯ್ರೆ ಓಡಿಸಿದಂಗೆ ಖಾಲಿ ಆಗೋಕೆ, ಅದು ಪೈಪಿನೊಳಗೇ ಸುತ್ತುತ್ತಾ ಇರತ್ತೆ, ಕಮ್ಮಿ ಆಗಿದೆ ಅಂದ್ರೆ ಎಲ್ಲೋ ಲೀಕ್ ಇದೆ ಅಂತ, ಆ ಲೀಕ್ ಹುಡುಕದೆ ತುಂಬಿಸಿದ್ರೆ ಮತ್ತೆ ಹೋಗತ್ತೆ ಅಷ್ಟೇ. ಗ್ಯಾಸ್ ಕಮ್ಮಿಯಾಗಿ ಎಸಿ ಒಳಗಿನ ತಣ್ಣನೆ ಪೈಪಿನ ಸುರುಳಿ, ಅಂದ್ರೆ ಕಾಯಿಲ್ ಮೇಲೆ ಐಸ್ ಕಟ್ಟಿ, ಅದು ಕರಗಿ ನೀರು ಸೋರೋದೂ ಉಂಟು, ಇಲ್ಲ ಅಂತಲ್ಲ. ಆದ್ರೆ ಆಗ ತಂಪೂ ಬಿದ್ದುಹೋಗತ್ತೆ. ನಮ್ಮದು ಚೆನ್ನಾಗೇ ತಂಪು ಮಾಡ್ತಿತ್ತು, ಐಸೂ ಇರಲಿಲ್ಲ. ಅಂದ್ರೆ ನೀರು ಹೊರಗೆ ಹೋಗೋ ದಾರೀಲೇ ಏನೋ ಅಡ್ಡ.

ಮಲೆನಾಡಲ್ಲಿ ಎಸಿ ಯಾಕೆ ಅಂತ ತೀರ್ಥಹಳ್ಳಿ ಕಡೆ ನೆಂಟರು ನಗ್ತಾರೆ. ಮಳೆಗಾಲದಲ್ಲಿ ನಮಗೆ ಬೇಕಿರೋದು ತಂಪಲ್ಲ, ಗಾಳಿಯ ತೇವ ತೆಗೆಯೋ ಡ್ರೈ ಮೋಡ್. ಬೀರು ಒಳಗಿನ ಸೀರೆಗೆ ಬೂಷ್ಟು ಹಿಡಿಯೋ ಊರಿದು, ಹವೆ ಇಷ್ಟು ಒದ್ದೆ ಇದ್ದಾಗ ಒಂದೂವರೆ ಟನ್ನಿನ ಎಸಿ ಗಂಟೆಗೆ ಲೀಟರ್ ಹತ್ರ ನೀರು ಇಳಿಸಬಹುದು, ಅದೆಲ್ಲಾ ಹೋಗಬೇಕಿರೋದು ಒಂದು ಸಣ್ಣ ಡ್ರೈನ್ ಪೈಪಲ್ಲಿ. (ಡಿಸೆಂಬರ್ ಚಳೀಲಿ ಹೀಟ್ ಮೋಡ್ ಹಾಕಿದ್ರೆ ಉಲ್ಟಾ, ಹೊರಗಿನ ಯೂನಿಟ್ಟಿಂದ ನೀರು ತೊಟ್ಟಿಕ್ಕತ್ತೆ, ಅದು ರಿಪೇರಿ ಅಲ್ಲ.)

ಎಂಸಿಬಿ ಆಫ್ ಮಾಡಿ ಮುಚ್ಚಳ ತೆಗೆದು ಕಾಯಿಲ್ ಕೆಳಗಿನ ಟ್ರೇಗೆ ಲೋಟದಲ್ಲಿ ನಿಧಾನ ನೀರು ಹಾಕಿದೆ. ಹೊರಗೆ ಒಂದು ಹನೀನೂ ಇಲ್ಲ. ಹಿತ್ತಲಿಗೆ ಹೋಗಿ ಪೈಪಿನ ತುದಿ ನೋಡಿದ್ರೆ ಕೆಂಪು ಮಣ್ಣಿನ ಬಿರಡೆ, ನುಣ್ಣಗೆ, ಬೆರಳಲ್ಲಿ ಒರೆಸಿ ಮುಚ್ಚಿದ ಹಾಗೆ. ಕುಂಬಾರ ಹುಳ! ಬೇಸಿಗೆ ಕೊನೇಲಿ ಊರಿಗೆ ಹೋಗಿ ಎಸಿ ಬಂದ್ ಇದ್ದಾಗ ಗೂಡು ಕಟ್ಟಿರಬೇಕು. ತಂತಿಯಲ್ಲಿ ಕೆದಕಿದ್ರೆ ಮಣ್ಣಿನ ಜೊತೆ ಒಣಗಿದ ಜೇಡಗಳೂ ಉದುರಿದ್ವು, ಮರಿಗೆ ಅಂತ ಕೂಡಿಟ್ಟಿದ್ದು. ಆಮೇಲೆ ತುದಿಗೆ ಬಟ್ಟೆ ಸುತ್ತಿ, ನೀರೂ ಎಳೆಯೋ ವ್ಯಾಕ್ಯೂಮ್ ಕ್ಲೀನರ್ ಹಿಡಿದೆ, ಕಪ್ಪಗೆ ಲೋಳೆ ಲೋಳೆ ಏನೋ ಬಂತು, ವಾಸನೆ ಕೇಳಬೇಡಿ.

ಅಮ್ಮ ಗಿಡಕ್ಕೆ ಅಂತ ಪೈಪ್ ತುದಿಗೆ ಬಕೆಟ್ ಇಡ್ತಾರೆ. "ಇಡಮ್ಮ, ಆದ್ರೆ ತುದಿ ನೀರಲ್ಲಿ ಮುಳುಗಬಾರದು, ಗಾಳಿ ಕಟ್ಟಿ ನೀರು ವಾಪಸ್ ನಿಲ್ಲತ್ತೆ" ಅಂದೆ. "ಹಾಗಾದ್ರೆ ಇನ್ವರ್ಟರ್ ಬ್ಯಾಟರಿಗೆ ಹಾಕೋಣ್ವ?" ಅಂದ್ರು. ಅದು ಮಾತ್ರ ಬೇಡ, ಕಾಯಿಲ್ ಮೇಲಿನ ಧೂಳು, ಲೋಹದ ಅಂಶ ಎಲ್ಲಾ ಅದರಲ್ಲಿರತ್ತೆ.

ಪೈಪ್ ಮಧ್ಯೆ ಜೋತುಬಿದ್ದಿತ್ತು, ಕ್ಲಾಂಪ್ ಹೊಡೆದು ಇಳಿಜಾರು ಮಾಡಿ ತುದಿಗೆ ಸೊಳ್ಳೆ ಜಾಲರಿ ತುಂಡು ಕಟ್ಟಿದೆ. ಜಾಲರಿಗೂ ಲೋಳೆ ಕಟ್ಕೊಳ್ಳತ್ತೆ, ಆವಾಗಾವಾಗ ತೊಳೀಬೇಕು. ಫಿಲ್ಟರೂ ತೊಳೆದೆ. ಅದನ್ನ ಬಿಸಿಲಿಗೆ ಇಟ್ರೆ ಪ್ಲಾಸ್ಟಿಕ್ ಸೊಟ್ಟ ಆಗತ್ತೆ, ಅದಿರ್ಲಿ ಈ ಜಡಿಮಳೇಲಿ ಬಿಸಿಲೆಲ್ಲಿ, ಫ್ಯಾನ್ ಕೆಳಗೆ ಇಟ್ಟಿದೀನಿ. ಒಣಗೋ ತನಕ ಎಸಿ ಬಂದ್.