ನೂರಕ್ಕೆ 135

2024ರ ಜೂನ್ 9, ಭಾನುವಾರ, ರಾತ್ರಿ 10.40

ಬೆಳಗ್ಗೆ ಒಣಗಿದ ಬಟ್ಟೆ ಮಡಚುತ್ತಾ ಕೂತಿದ್ದೆ. ಹತ್ತು ನಿಮಿಷದ ಕೆಲಸ. ಅಷ್ಟರಲ್ಲಿ ಎರಡು ಸಲ ಬಾಗಿಲ ಕಡೆ ನೋಡಿದೆ. ಇವಳು ಬಂದು ನೋಡಲಿ ಅಂತ ಆಸೆ. ಬರಲಿಲ್ಲ. ಕೊನೆಗೆ ನಾನೇ ಬಾಯಿಬಿಟ್ಟೆ. "ಈ ಮನೆಯಲ್ಲಿ ಅರ್ಧ ಕೆಲಸ ನಾನೇ ಮಾಡೋದು, ಗೊತ್ತಾ?"

ಒಳಗಿಂದ ಮಾತು ಬರಲಿಲ್ಲ. ನಗು ಬಂತು.

ಸರಿ, ಲೆಕ್ಕವೇ ಆಗಲಿ ಅಂತ ಒಂದು ಹಾಳೆ ಹರಿದು ಎರಡು ಚೀಟಿ ಮಾಡಿದೆ. ಮನೆಗೆಲಸದಲ್ಲಿ ನೂರಕ್ಕೆ ನಿನ್ನ ಪಾಲು ಎಷ್ಟು, ಬರಿ ಅಂದೆ. ನಾನೂ ಬರೆದೆ. ಬಿಚ್ಚಿ ನೋಡಿದರೆ ನನ್ನದು 55, ಅವಳದು 80. ಕೂಡಿದರೆ 135. "ಪಾಪ ಅಂತ ಕಡಿಮೆ ಮಾಡಿಯೇ ಬರೆದಿದ್ದೀನಿ ರೀ" ಅಂದಳು.

ಈ ಆಟ ನನ್ನ ತಲೆಯಿಂದ ಬಂದಿದ್ದಲ್ಲ. ಮೈಕಲ್ ರಾಸ್ ಮತ್ತು ಫಿಯೋರೆ ಸಿಕೋಲಿ ಅನ್ನುವ ಮನಶ್ಶಾಸ್ತ್ರಜ್ಞರು 1979ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಹಿಂದೆ ಓದಿದ್ದೆ. ಗಂಡ ಹೆಂಡತಿಯರನ್ನು ಬೇರೆ ಬೇರೆಯಾಗಿ ಇದೇ ಕೇಳಿದ್ದರು. ಹೆಚ್ಚಿನ ಜೋಡಿಗಳ ಮೊತ್ತ ನೂರು ದಾಟಿತ್ತು. ಯಾರೂ ಸುಳ್ಳು ಹೇಳಿರಬೇಕು ಅಂತಿಲ್ಲ. ಉದಾಹರಣೆ ಕೊಡಿ ಅಂದರೆ ಪ್ರತಿಯೊಬ್ಬರಿಗೂ ತಾವು ಮಾಡಿದ್ದೇ ಜಾಸ್ತಿ ನೆನಪಾಗುತ್ತಿತ್ತಂತೆ.

ನೆನಪಾಗದೆ ಇನ್ನೇನು? ನಾನು ಕೆಲಸ ಮಾಡುವಾಗ ನಾನು ಅಲ್ಲೇ ಇರುತ್ತೇನೆ! ಬಕೆಟ್ ಎತ್ತಿದಾಗ ಸೊಂಟ ಹಿಡಿದಿದ್ದು ನನಗೆ ಗೊತ್ತು. ಅವಳು ಕೆಲಸ ಮಾಡುವಾಗ ನಾನು ಮಲಗಿರುತ್ತೇನೆ, ಇಲ್ಲವೇ ಮೊಬೈಲ್‌ನಲ್ಲಿ ಮುಳುಗಿರುತ್ತೇನೆ. ನನಗೆ ಕಾಣುವುದು ಮುಗಿದ ಕೆಲಸ ಮಾತ್ರ. ಮುಗಿದ ಕೆಲಸ ನೋಡಿದರೆ ಅದು ತನ್ನಷ್ಟಕ್ಕೆ ಹಾಗೇ ಇತ್ತು ಅನ್ನಿಸಿಬಿಡುತ್ತದೆ. ಗುಡಿಸಿದ ನೆಲ ಯಾರ ಕಣ್ಣಿಗೂ ಬೀಳುವುದಿಲ್ಲ, ಕಸ ಬಿದ್ದಿದ್ದರೆ ಎಲ್ಲರಿಗೂ ಕಾಣುತ್ತದೆ, ಅಲ್ವಾ?

ಹಾಗಂತ ಇಬ್ಬರೂ ಸಮಸಮ ಉತ್ಪ್ರೇಕ್ಷೆ ಮಾಡಿದ್ದೀವಿ, ಚುಕ್ತಾ ಆಯಿತು ಅಂತ ಜಾರಿಕೊಳ್ಳಲು ಮನಸ್ಸು ಒಪ್ಪಲಿಲ್ಲ. ಮೊತ್ತ 135 ಆಗಿದ್ದಕ್ಕೆ ಇಬ್ಬರೂ ಕಾರಣ ಇರಬಹುದು. ಆದರೆ ನಿಜಕ್ಕೆ ಹತ್ತಿರ ಇದ್ದದ್ದು ಅವಳ ಚೀಟಿಯೇ. ಇದನ್ನು ಅವಳಿಗೆ ಹೇಳಿಲ್ಲ. ಇಲ್ಲಿ ಬರೆಯುತ್ತಿದ್ದೇನೆ, ಅಷ್ಟೇ.

ಆ ಅಧ್ಯಯನದಲ್ಲಿ ಇನ್ನೊಂದು ಮಜಾ ಇದೆ. ಜಗಳ ಶುರುಮಾಡುವಂಥ ಕೆಟ್ಟ ವಿಷಯಗಳಲ್ಲೂ ಜನ ತಮ್ಮ ಪಾಲನ್ನು ಜಾಸ್ತಿಯೇ ಹೇಳಿದ್ದರು. ಬರೀ ಜಂಬ ಆಗಿದ್ದರೆ ಹಾಗೆ ಹೇಳುತ್ತಿದ್ದರಾ? ಅದನ್ನೂ ನೋಡೇಬಿಡೋಣ ಅಂತ ಮತ್ತೆ ಎರಡು ಚೀಟಿ ಮಾಡಿದೆವು. ನಾನು ಎದೆಮುಟ್ಟಿಕೊಂಡು 30 ಬರೆದೆ. ಅವಳು 20. ಅಂದರೆ ನಮ್ಮ ಮನೆಯಲ್ಲಿ ಅರ್ಧದಷ್ಟು ಜಗಳ ಯಾರೂ ಶುರುಮಾಡುವುದೇ ಇಲ್ಲ. ಅವೇ ಹುಟ್ಟಿಕೊಳ್ಳುತ್ತವೆ. ಆ ಅಧ್ಯಯನದ ದಂಪತಿಗಳು ನಮಗಿಂತ ಒಳ್ಳೆಯವರು.

ಈಗ ಟೈಮ್ ಎಷ್ಟಾಯಿತು ಅಂತ ಗೋಡೆ ಗಡಿಯಾರ ನೋಡಿದೆ. ಈ ಮನೆಗೆ ಬಂದು ಒಂಬತ್ತು ವರ್ಷ. ಅದು ಒಂದು ದಿನವೂ ನಿಂತಿದ್ದು ನೆನಪಿಲ್ಲ. ನಾನಂತೂ ಅದಕ್ಕೆ ಯಾವತ್ತೂ ಸೆಲ್ ಹಾಕಿಲ್ಲ. ಸೆಲ್ ಯಾವ ಡ್ರಾಯರ್‌ನಲ್ಲಿದೆ ಅನ್ನುವುದೂ ಗೊತ್ತಿಲ್ಲ. ಕೇಳೋಣ ಅಂದರೆ ಇವಳು ಆಗಲೇ ನಿದ್ದೆ ಹೋಗಿದ್ದಾಳೆ.

ಚೀಟಿ ಇನ್ನೂ ಮೇಜಿನ ಮೇಲೇ ಇತ್ತು. 55 ಹೊಡೆದುಹಾಕಿ 35 ಅಂತ ಬರೆದೆ. ಆಮೇಲೆ ಬೆಳಗಿನ ಬಟ್ಟೆ ನೆನಪಾಯಿತು. 40 ಮಾಡಿದೆ.