ಬೆನ್ನಿಗಿದ್ದ ಗಾಳಿ

ಆವತ್ತು ಶ್ರೀರಾಮನಗರ ಬಂದದ್ದೇ ಗೊತ್ತಾಗಲಿಲ್ಲ. ಗಂಗಾವತಿಯಿಂದ ಸಿಂಧನೂರು ರಸ್ತೆ ಹಿಡಿದವನಿಗೆ ರೈಸ್ ಮಿಲ್ಲುಗಳು ಸರಸರ ಹಿಂದೆ ಸರಿದವು. 22 ವರ್ಷದ ಮೇಲೆ ಸೈಕಲ್ ಹತ್ತಿ ಆಗಿನ್ನೂ ಹದಿನೈದು ದಿನ. ಅಷ್ಟರಲ್ಲೇ ಇಷ್ಟು ದಮ್ಮು ಬಂತಲ್ಲ ಅಂತ ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ. ಅಸಲಿಗೆ ಬೆನ್ನು ಚಪ್ಪರಿಸುತ್ತಿದ್ದದ್ದು ಆಷಾಢದ ಗಾಳಿ.

ಅದು ತಿಳಿದದ್ದು, ಒಗ್ಗರಣೆ-ಮಿರ್ಚಿ ತಿಂದು (ತಿನ್ನಬಾರದಿತ್ತು) ಸೈಕಲ್ ತಿರುಗಿಸಿದ ಮೇಲೆ. ನೈರುತ್ಯದಿಂದ ಬೀಸುವ ಗಾಳಿ ಈಗ ನೇರ ಎದೆಗೆ. ನಾಲೆಗೆ ಇನ್ನೂ ನೀರು ಬಿಟ್ಟಿರಲಿಲ್ಲ. ಗದ್ದೆಗಳೆಲ್ಲ ಬಯಲು, ಗಾಳಿಗೆ ಒಂದು ಅಡ್ಡಿಯಿಲ್ಲ. ಎರಡು ಕಿಲೋಮೀಟರ್ ತುಳಿಯುವಷ್ಟರಲ್ಲಿ ಅಂಜನಾದ್ರಿಯ 575 ಮೆಟ್ಟಿಲು ಹತ್ತಿಳಿದವನ ಹಾಗೆ ತೊಡೆ ನಡುಗಿದವು, ಬಲಮೊಣಕಾಲು ಚುಳ್ ಅಂದಿತು. ಇಳಿದು ತಳ್ಳತೊಡಗಿದೆ.

ಹಿಂದಿನಿಂದ ಬಂದ ಟ್ರ್ಯಾಕ್ಟರ್ ನಿಂತಿತು. "ಪಂಚರ್ ಆತೇನ್ರಿ ಸಾರ್?"

"ಹೂಂ" ಅಂದುಬಿಟ್ಟೆ.

ಆ ಹುಡುಗ ಇಳಿದು ಬಂದು ಟೈರನ್ನು ಹೆಬ್ಬೆಟ್ಟಿನಿಂದ ಒತ್ತಿ ನೋಡಿ, "ಇದ್ರಾಗ ಗಾಳಿ ಐತಲ್ರಿ!" ಅಂದ. ಆದರೂ ಸೈಕಲನ್ನು ಟ್ರಾಲಿಗೆ ಎತ್ತಿಹಾಕಿದ. ಊರು ಮುಟ್ಟುವವರೆಗೆ ಇಬ್ಬರೂ ಆ ಮಾತು ಎತ್ತಲಿಲ್ಲ.

ಪಿಯುಸಿ ಓದುವ ಮಗ ರಾತ್ರಿ ಲೆಕ್ಕ ಬಿಡಿಸಿ ತೋರಿಸಿದ. ನಾನು ಗಂಟೆಗೆ 15 ಕಿ.ಮೀ. ಹೋದರೆ ಗಾಳಿಯಿಲ್ಲದ ದಿನ ಮುಖಕ್ಕೆ ಬಡಿಯುವುದೂ 15ರ ವೇಗದ ಗಾಳಿಯೇ. ಎದುರಿನಿಂದ ಅಷ್ಟೇ ಗಾಳಿ ಬೀಸಿದರೆ ಅದು 30. ಬಡಿಯುವ ವೇಗ ಎರಡು ಪಟ್ಟು, ತಡೆ ಮಾತ್ರ ನಾಲ್ಕು ಪಟ್ಟು. ಸೈಕಲ್ ಅವನದೇ, ಮೂಲೆ ಹಿಡಿದಿತ್ತು. ಹಾಗಾಗಿ ಮರುಮಾತಾಡದೆ ಕೇಳಿದೆ.

ಮೊಣಕಾಲಿನ ಕಾರಣ ಹಿಡಿದವರು ಸೈಕಲ್ ಅಂಗಡಿಯ ಚಾಚಾ. ಬೀಳುವ ಭಯಕ್ಕೆ ಎರಡೂ ಪಾದ ನೆಲಕ್ಕೆ ಊರುವಂತೆ ಸೀಟು ತಗ್ಗಿಸಿಕೊಂಡಿದ್ದೆ. "ಹಿಂಗ ಕುಂತು ತುಳಿದ್ರ ಮೊಣಕಾಲು ಉಳಿತಾವೇನ್ರಿ ಮಾಸ್ತರ? ಪೆಡಲ್ ಕೆಳಗ ಬಂದಾಗ ಕಾಲು ಪೂರಾ ಸೆಟಿಯಬಾರ್ದು, ಭಾಳ ಮಡಚಿನೂ ಇರಬಾರ್ದು" ಅಂತ ನಾಲ್ಕು ಬೆರಳಷ್ಟು ಏರಿಸಿದರು. "ದೊಡ್ಡ ಗೇರ್ ಮುಟ್ಟಬ್ಯಾಡ್ರಿ ಸದ್ಯಕ್ಕ. ಹಗೂರ ಗೇರಿಗೆ ಹಾಕಿ ಕಾಲು ಬಡಬಡ ತಿರುಗಿಸ್ರಿ. ಮಾತಾಡ್ಕೋತ ತುಳಿಯಾಕ ಬರಬೇಕು, ಅಷ್ಟ."

ಒಬ್ಬನೇ ಹೋಗುವವನು ಯಾರ ಜೊತೆ ಮಾತಾಡಲಿ? ಮಗ್ಗಿ ಹೇಳಿಕೊಳ್ಳುತ್ತೇನೆ, ಅದೂ ಹದಿನೇಳರದು. ನಡುವೆ ಉಸಿರು ತುಂಡಾದರೆ ಗೇರ್ ಇಳಿಸುವುದು. ದಿನ ಬಿಟ್ಟು ದಿನ, ಅರ್ಧ ಗಂಟೆ. ರಸ್ತೆಯನ್ನೂ ಬದಲಿಸಿದೆ: ಈಗ ಆನೆಗೊಂದಿ ಕಡೆ. ಹೋಗುವಾಗ ಗಾಳಿ ಎದುರು, ಸುಸ್ತಾಗಿ ಬರುವಾಗ ಬೆನ್ನಿಗೆ. ಒಗ್ಗರಣೆ-ಮಿರ್ಚಿ ಬಿಟ್ಟಿಲ್ಲ, ಮನೆ ಹತ್ತಿರ ಬಂದ ಮೇಲೆ ತಿನ್ನುತ್ತೇನೆ.

ಮೊದಲ ದಿನ ಆ ಎದುರುಗಾಳಿಯಲ್ಲಿ ಹದಿನೇಳ್ ನಾಕ್ಲೆಗೇ ದಮ್ಮು ಕಟ್ಟಿತ್ತು. ಮೊನ್ನೆ ಭಾನುವಾರ ಕುರಿ ಹೊಡೆದುಕೊಂಡು ಹೊರಟಿದ್ದ ಅಜ್ಜ ಒಬ್ಬರು ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ನಿಲ್ಲಿಸಲಿಲ್ಲ. ಹದಿನೇಳ್ ಎಂಟ್ಲೆ ನೂರಾ ಮೂವತ್ತಾರು.